ಪದವಿನ ಹುಲ್ಲಿನ ಬೆಲೆ: ನನ್ನ ಅನುಭವ

ವಿಶ್ವಸಂಸ್ಥೆಯು 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದ್ದನ್ನು ಕಾರಣವಾಗಿಟ್ಟುಕೊಂಡು, ಉಡುಪಿ ಸಮೀಪದ ನಮ್ಮೂರಿನ ಪದವಿನ (ಕೆಂಪು ಮುರಕಲ್ಲಿನ ಮೇಲೆ ಹುಲ್ಲು ಬೆಳೆಯುವ ಸಮತಟ್ಟಾದ ಗುಡ್ಡದ) ಬಗ್ಗೆ ಜನರಲ್ಲಿ ತಿಳಿವಳಿಕೆ ಮೂಡಿಸಲು ಹೊರಟೆ. ಮೊದಲ ಸಭೆಯನ್ನು ಶಾಲೆಯ ಸಭಾಂಗಣದಲ್ಲಿ ನಡೆಸಿ, ಭೂಮಿಯ ನೆಲದ ಅರ್ಧಕ್ಕೂ ಹೆಚ್ಚು ಭಾಗ ಇಂತಹ ಮೇವಿನ ನೆಲವೇ ಎಂದು ಚಿತ್ರಗಳ ಸಹಿತ ವಿವರಿಸಿದೆ. ಎಲ್ಲರೂ ಸಾವಧಾನವಾಗಿ ಕೇಳಿದರು. ಕೊನೆಗೆ ಹಿರಿಯರೊಬ್ಬರು, "ಮಾಸ್ಟ್ರೇ, ಅದು ಮಂಗೋಲಿಯಾದ ಸಂಗತಿಯಾಯಿತು. ನಮ್ಮ ಪದವಿನಲ್ಲಿ ಮುರಕಲ್ಲು ಬಿಟ್ಟರೆ ಏನುಂಟು?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ.

ಉತ್ತರ ದೊರೆತದ್ದು ಬಾಲ್ಯದಿಂದಲೂ ಅಲ್ಲಿ ದನ ಮೇಯಿಸಿದ ಅಜ್ಜಿಯೊಬ್ಬರಿಂದ. ಆಟಿ ತಿಂಗಳ ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ಹದಿನೈದು ಮಕ್ಕಳನ್ನು ಅವರ ಹಿಂದೆ ನಡೆಸಿಕೊಂಡು ಹೋದೆ. ಗುಡ್ಡದ ಕೆಳಗಿನ ಬೈಲಿನಲ್ಲಿ ಮಳೆಗಾಲದ ಭತ್ತವಾದ ಏಣೆಲು ಬೆಳೆ ನಿಂತಿರುವಾಗ ದನಗಳನ್ನು ಗದ್ದೆಯಿಂದ ದೂರವಿಡಲು ಪದವೇ ಆಸರೆಯಾಗಿತ್ತು. ಹಗಲಿಡೀ ಅಲ್ಲಿ ಮೇದ ದನಗಳು ಸಂಜೆ ಹಟ್ಟಿಗೆ ಮರಳಿ, ರಾತ್ರಿ ಹಾಕಿದ ಸಗಣಿ ಸೊಪ್ಪು ತರಗೆಲೆಗಳೊಂದಿಗೆ ಕೊಳೆತು ಗದ್ದೆಗೆ ಗೊಬ್ಬರವಾಗುತ್ತಿತ್ತು. ಗುಡ್ಡದ ಹುಲ್ಲು ದನದ ಹೊಟ್ಟೆಯ ಮೂಲಕ ಬೈಲಿನ ಅನ್ನವಾಗುತ್ತಿದ್ದ ಈ ಕ್ರಮವನ್ನು ಅವರು ಹೇಳಿದಷ್ಟು ಸ್ಪಷ್ಟವಾಗಿ ಯಾವ ಉಪನ್ಯಾಸವೂ ನನಗೆ ತಿಳಿಸಿರಲಿಲ್ಲ. ಮುಳಿಹುಲ್ಲು ಎಳೆಯದಾಗಿದ್ದಾಗ ಮಾತ್ರ ದನ ಅದನ್ನು ತಿನ್ನುತ್ತದೆ, ಬಲಿತದ್ದನ್ನು ಮಾಡಿಗೆ ಹೊದೆಸಲು ಕೊಯ್ಯುತ್ತಿದ್ದರು ಎಂಬುದನ್ನೂ ಅವರಿಂದಲೇ ಕಲಿತೆ. ಮೈಭಾರ ಕಡಿಮೆಯಿರುವ ಊರ ದನ, ಅಂದರೆ ಮಲೆನಾಡು ಗಿಡ್ಡ, ಆ ಕಲ್ಲುನೆಲದಲ್ಲಿ ಸಲೀಸಾಗಿ ಓಡಾಡುವುದನ್ನು ಮಕ್ಕಳು ಕಣ್ಣಾರೆ ಕಂಡರು.

ನಾನು ಸೇರಿಸಿದ್ದು ಸ್ವಲ್ಪವೇ: ನೀರು ನಿಂತ ಕಲ್ಲುಹಾಸಿನ ಮೇಲೆ ನೀಲಿಯಾಗಿ ಅರಳುವ ಯುಟ್ರಿಕ್ಯುಲೇರಿಯಾ ಎಂಬ ಪುಟ್ಟ ಗಿಡ ಸೂಕ್ಷ್ಮಜೀವಿಗಳನ್ನು ಹಿಡಿದು ಬದುಕುವ ಬಗೆ, ಟಿಟ್ಟಿಭ ಹಕ್ಕಿ ಬರಿ ನೆಲದಲ್ಲೇ ಮೊಟ್ಟೆಯಿಡುವುದು, ಮುರಕಲ್ಲಿನ ಸಂದುಗಳಲ್ಲಿ ಇಳಿಯುವ ಮಳೆನೀರು ಕೆಳಗಿನ ಬಾವಿಗಳನ್ನು ತಲುಪುವುದು.

ಆ ನಡಿಗೆಯ ಬಳಿಕ ಗ್ರಾಮಸಭೆಯಲ್ಲಿ ಮಾತನಾಡಿದವರು ಮಕ್ಕಳೇ. ಕರ್ನಾಟಕ ಭೂಕಂದಾಯ ನಿಯಮಗಳು ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳದ ಲೆಕ್ಕ ಹೇಳುತ್ತವೆ. ಆದರೂ ಮರವಿಲ್ಲದ ನೆಲವೆಂದರೆ ಪಾಳು ಎಂಬ ಭಾವನೆ ಗಟ್ಟಿಯಾಗಿದೆ. ಪರಿಸರ ದಿನಕ್ಕೆ ಪದವಿನಲ್ಲೇ ಸಸಿ ನೆಡಲು ಗುಂಡಿ ತೋಡಿಸಿದವರಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆನೆಂಬುದು ನನಗೆ ಇಂದಿಗೂ ನೋವಿನ ವಿಷಯ. ಸಸಿ ನೆಡುವುದನ್ನು ರಸ್ತೆಬದಿಗೆ ಸ್ಥಳಾಂತರಿಸಲು ಸಭೆ ಒಪ್ಪಿತು.

ಈಗ ನಾಲ್ಕು ಮನೆಗಳವರಷ್ಟೇ ದನಗಳನ್ನು ಪದವಿಗೆ ಅಟ್ಟುತ್ತಾರೆ. ಹಳೆಯ ಅಕೇಶಿಯಾ ನೆಡುತೋಪಿನ ಬೀಜ ಬಿದ್ದು ಹುಲ್ಲಿನ ನಡುವೆ ಹುಟ್ಟುವ ಸಸಿಗಳನ್ನು, ಮೊದಲ ಮಳೆಗೆ ಮಣ್ಣು ಮೆತ್ತಗಾದಾಗ, ಆ ಮನೆಯವರೂ ಮಕ್ಕಳೂ ನಾನೂ ಸೇರಿ ಬೇರು ಸಹಿತ ಕೀಳುತ್ತಿದ್ದೇವೆ.