ಇ-ಕ್ಯಾಡ್‌ಹೆರಿನ್ ಕಾಣದಿದ್ದಾಗ

ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳ ಹೊರಮೈಯಲ್ಲಿ, ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪ್ರೋಟೀನ್ ಇ-ಕ್ಯಾಡ್‌ಹೆರಿನ್ ಧಾರಾಳ. ಅದನ್ನು ಗುರುತಿಸಿ ಅಂಟಿಕೊಳ್ಳುವ ಹೊಸ ಪ್ರತಿಕಾಯ (ಆಂಟಿಬಾಡಿ) ಪರೀಕ್ಷಿಸಲು ಇದಕ್ಕಿಂತ ಸುಲಭದ ಕೋಶ ಸಿಗದು ಎಂದುಕೊಂಡೇ ಶುರುಮಾಡಿದೆ. ಆದರೆ ಒಂದೊಂದೇ ಕೋಶದ ಹೊಳಪು ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ಪ್ರತಿಕಾಯದ ಗೆರೆ, ಇ-ಕ್ಯಾಡ್‌ಹೆರಿನ್ ಗುರುತಿಸದ ಹೋಲಿಕೆಯ ಪ್ರತಿಕಾಯ ಅಂದರೆ ಐಸೋಟೈಪ್ ಕಂಟ್ರೋಲ್‌ನ ಗೆರೆಯ ಮೇಲೇ ಕೂತಿತ್ತು. ಪ್ರಮಾಣ ಎರಡು ಪಟ್ಟು, ನಾಲ್ಕು ಪಟ್ಟು ಮಾಡಿದೆ. ಹಿನ್ನೆಲೆಯ ಹೊಳಪು ಏರಿತೇ ಹೊರತು ಗೆರೆಗಳು ಬೇರೆಯಾಗಲಿಲ್ಲ. ಮೂರು ವಾರ ಹೀಗೇ ಕಳೆಯಿತು. ಪ್ರತಿಕಾಯವೇ ಕೆಟ್ಟಿದೆ ಎಂದು ಬೇರೆಯದಕ್ಕೆ ಆರ್ಡರ್ ಹಾಕಲು ಹೊರಟಾಗ ಲ್ಯಾಬಿನ ಸೀನಿಯರ್ ಒಬ್ಬರು ಕೇಳಿದರು: "ಸೆಲ್ಸ್ ಹೇಗೆ ಬಿಡಿಸ್ತಿದ್ದೀಯಮ್ಮ?"

ಎಲ್ಲರ ಹಾಗೆ ತಟ್ಟೆಗೆ ಟ್ರಿಪ್ಸಿನ್-ಇಡಿಟಿಎ ಹಾಕಿ. ಟ್ರಿಪ್ಸಿನ್ ಎಂದರೆ ಪ್ರೋಟೀನ್ ಕತ್ತರಿಸುವ ಕಿಣ್ವ, ಇಡಿಟಿಎ ಎಂದರೆ ಕ್ಯಾಲ್ಸಿಯಂ ಹಿಡಿದುಕೊಳ್ಳುವ ರಾಸಾಯನಿಕ.

ಅಂದೇ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟ್‌ಗೆ ಎರಡು ಮಾದರಿ ಮಾಡಿದೆ. ತಟ್ಟೆಯಲ್ಲೇ ಕೋಶ ಒಡೆಯುವ ಲೈಸಿಸ್ ಬಫರ್ ಹಾಕಿ ಕೆರೆದು ತೆಗೆದದ್ದರಲ್ಲಿ ಇ-ಕ್ಯಾಡ್‌ಹೆರಿನ್‌ನ ಅಣುತೂಕವಾದ 120 ಕಿಲೋಡಾಲ್ಟನ್ ಹತ್ತಿರ ದಪ್ಪ ಪಟ್ಟಿ ಬಂತು. ಟ್ರಿಪ್ಸಿನ್‌ನಿಂದ ಬಿಡಿಸಿದ್ದರಲ್ಲಿ ಅದು ಹೆಚ್ಚುಕಡಿಮೆ ಮಾಯ. ಈ ಪ್ರೋಟೀನಿನ ಹೊರಭಾಗದಲ್ಲಿ ಸಾಲಾಗಿ ಐದು ಘಟಕಗಳಿವೆ. ಅವುಗಳ ಸಂದುಗಳಲ್ಲಿ ಕ್ಯಾಲ್ಸಿಯಂ ಕೂತು ಇಡೀ ಸಾಲನ್ನು ಬಿಗಿಯಾಗಿ ಹಿಡಿದಿರುತ್ತದೆ. ಇಡಿಟಿಎ ಆ ಕ್ಯಾಲ್ಸಿಯಂ ಕಿತ್ತುಕೊಂಡರೆ ಸಾಲು ಸಡಿಲವಾಗುತ್ತದೆ, ಟ್ರಿಪ್ಸಿನ್‌ಗೆ ಕತ್ತರಿಸಲು ಜಾಗ ಸಿಗುತ್ತದೆ. ಕೋಶಗಳ ಅಂಟಿಕೆಯನ್ನು ಟ್ರಿಪ್ಸಿನ್‌ನಿಂದ ಕ್ಯಾಲ್ಸಿಯಂ ಕಾಪಾಡುತ್ತದೆಂದು ಜಪಾನಿನ ಮಸಾತೋಶಿ ತಾಕೆಇಚಿ 1977ರಲ್ಲೇ ತೋರಿಸಿದ್ದರು. ನನ್ನ ಪ್ರತಿಕಾಯ ಹುಡುಕುತ್ತಿದ್ದ ಭಾಗವನ್ನು ದಿನಾ ಬೆಳಿಗ್ಗೆ ನಾನೇ ಕತ್ತರಿಸಿ ತೊಳೆದು ಚೆಲ್ಲುತ್ತಿದ್ದೆ.

ಈಗ ಟ್ರಿಪ್ಸಿನ್ ಮುಟ್ಟುವುದಿಲ್ಲ. ಕ್ಯಾಲ್ಸಿಯಂ ಇಲ್ಲದ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ 2 ಮಿಲಿಮೋಲಾರ್ ಇಡಿಟಿಎ ಬೆರೆಸಿ, 37 ಡಿಗ್ರಿಯಲ್ಲಿ ಹದಿನೈದು ನಿಮಿಷ ಇಟ್ಟು, ಪಿಪೆಟ್‌ನಿಂದ ಮೆಲ್ಲಗೆ ಬಿಡಿಸುತ್ತೇನೆ. ತಾಳ್ಮೆ ಬೇಕು, ಎಂಸಿಎಫ್-7 ಗುಂಪುಗುಂಪಾಗಿಯೇ ಏಳುತ್ತದೆ. 40 ಮೈಕ್ರಾನ್ ಜರಡಿಯಲ್ಲಿ ಸೋಸಲೇಬೇಕು. ಆಮೇಲೆ 1 ಮಿಲಿಮೋಲಾರ್ ಕ್ಯಾಲ್ಸಿಯಂ ಇರುವ ಬಫರ್‌ನಲ್ಲಿ ತೊಳೆಯುತ್ತೇನೆ, ಪ್ರತಿಕಾಯವನ್ನೂ ಅದರಲ್ಲೇ ಹಾಕುತ್ತೇನೆ. ಕೆಲವು ಪ್ರತಿಕಾಯಗಳು ಕ್ಯಾಲ್ಸಿಯಂ ಹಿಡಿದಿಟ್ಟ ಆಕಾರವನ್ನಷ್ಟೇ ಗುರುತಿಸುತ್ತವೆ, ಆದ್ದರಿಂದ ಈ ಹೆಜ್ಜೆ ಬಿಡಬಾರದು. ಕ್ಯಾಲ್ಸಿಯಂ ಮರಳಿದರೆ ಕೋಶಗಳು ಮತ್ತೆ ಅಂಟಿಕೊಳ್ಳಲು ನೋಡುತ್ತವೆ. ಅದಕ್ಕೇ ಉಳಿದ ಕೆಲಸವೆಲ್ಲ ಐಸ್ ಮೇಲೆ. ಸತ್ತ ಕೋಶಗಳಿಗೆ ಪ್ರತಿಕಾಯ ಸುಮ್ಮಸುಮ್ಮನೆ ಅಂಟುವುದರಿಂದ ಅವನ್ನು ಬೇರೆ ಬಣ್ಣದಿಂದ ಗುರುತಿಸಿ ಲೆಕ್ಕದಿಂದ ತೆಗೆಯುತ್ತೇನೆ.

ಮೊದಲ ಸಲ ಹೀಗೆ ಮಾಡಿದ ದಿನ ಪಕ್ಕದಲ್ಲಿ ಎಂಡಿಎ-ಎಂಬಿ-231 ಎಂಬ ಇನ್ನೊಂದು ಸ್ತನ ಕ್ಯಾನ್ಸರ್ ಕೋಶವನ್ನೂ ಇಟ್ಟಿದ್ದೆ. ಅದರಲ್ಲಿ ಇ-ಕ್ಯಾಡ್‌ಹೆರಿನ್ ಇರುವುದಿಲ್ಲ. ಅದರ ಗೆರೆ ಎಡಕ್ಕೇ ನಿಂತಿತು, ಎಂಸಿಎಫ್-7ರದು ಪೂರ್ತಿ ಬಲಕ್ಕೆ, ಅಂದರೆ ಹೆಚ್ಚು ಹೊಳಪಿನ ಕಡೆಗೆ, ಸರಿಯಿತು. ಬಾಟಲಿ ಅದೇ ಹಳೆಯದು, ಮೊದಲು ಹಾಕಿದ್ದರ ಅರ್ಧದಷ್ಟು ಪ್ರತಿಕಾಯವೇ ಸಾಕಾಯಿತು.