ಬ್ಯಾಟಿಂಗ್ ಆರ್ಡರ್ ಜಗಳವನ್ನು ನೋಟ್‌ಬುಕ್‌ನಲ್ಲಿ ಲೆಕ್ಕ ಹಾಕುವುದು ಹೇಗೆ

ನಮ್ಮ ಮನೆ ಇರುವುದು ಫಿಲಡೆಲ್ಫಿಯಾ ಊರಿನ ಹೊರಗೆ. ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ನಮ್ಮೂರಿನ ಬೇಸ್‌ಬಾಲ್ ತಂಡ ಫಿಲೀಸ್ 1980ರಲ್ಲಿ ಮೊದಲ ಸಲ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್ ಫೈನಲ್, ಗೆದ್ದದ್ದನ್ನು ಕಂಡವರು. 2023ರ ಬೇಸಿಗೆಯಲ್ಲಿ ದಿನಾ ಸಂಜೆ ಬೇಲಿ ಹತ್ತಿರ ನಮ್ಮಿಬ್ಬರದ್ದು ಒಂದೇ ಜಗಳ: ಫಿಲೀಸ್‌ನ ಬ್ಯಾಟಿಂಗ್ ಆರ್ಡರ್, ಅಂದರೆ ಯಾರ ನಂತರ ಯಾರು ಬ್ಯಾಟ್ ಹಿಡಿಯಬೇಕು ಅನ್ನೋದು. "ಈ ಕೈಲ್ ಶ್ವಾರ್ಬರ್‌ನ ಕೆಳಗೆ ಇಳಿಸಬೇಕು. ನೂರಕ್ಕೆ ಇಪ್ಪತ್ತು ಹಿಟ್ ಇಲ್ಲ, ಇವನು ಮೊದಲನೇ ಬ್ಯಾಟರ್ ಆಗೋದಾ?" ಅಂತ ಅವರು. "ಅವರಿಗೆ ಆ ಜಾಗ ಒಗ್ಗಿದೆ, ಇಳಿಸಿದರೆ ಆಟ ಕೆಡುತ್ತೆ" ಅಂತ ನಾನು. ಇಬ್ಬರ ಕೈಯಲ್ಲೂ ಲೆಕ್ಕ ಇರಲಿಲ್ಲ. ಒಂದು ಭಾನುವಾರ ನೋಟ್‌ಬುಕ್ ಹಿಡಿದು ಕೂತೆ. ದಾವಣಗೆರೆಯಲ್ಲಿ ಅಮ್ಮ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ ಬರೆಯುತ್ತಿದ್ದರಲ್ಲ, ಹಾಗೆ. ನಾನು ಮಾಡಿದ್ದನ್ನು ನೀವೂ ಮಾಡಬಹುದು. ಬೇಸ್‌ಬಾಲ್ ರೆಫರೆನ್ಸ್ ಜಾಲತಾಣದಲ್ಲಿ ಪ್ರತಿ ಆಟಗಾರನಿಗೂ ಸ್ಪ್ಲಿಟ್ಸ್ ಅನ್ನುವ ಪುಟ ಇದೆ. ಯಾವ ಕ್ರಮಾಂಕದಲ್ಲಿ ಹೇಗೆ ಆಡಿದರು ಅನ್ನೋದು ಅಲ್ಲಿ ಸಿಗುತ್ತದೆ.

ಶುರು ಮಾಡುವ ಮುಂಚೆ ಕ್ರಿಕೆಟ್ ಲೆಕ್ಕವನ್ನು ಪಕ್ಕಕ್ಕಿಡಿ. ನಮ್ಮ ಕೆ.ಎಲ್. ರಾಹುಲ್ ಓಪನಿಂಗ್ ಬಂದರೆ ಹೊಸ ಚೆಂಡು ಎದುರಿಸಬೇಕು. ಐದನೆಯವರಾಗಿ ಬಂದರೆ ಹಳೆ ಚೆಂಡು, ಸ್ಪಿನ್ನರ್, ಉಳಿದ ಓವರ್ ಎಲ್ಲವೂ ಬೇರೆ. ಅಲ್ಲಿ ಜಾಗ ಬದಲಾದರೆ ಕೆಲಸವೇ ಬದಲಾಗುತ್ತದೆ. ಬೇಸ್‌ಬಾಲ್‌ನಲ್ಲಿ ಚೆಂಡು ಸ್ವಲ್ಪ ಗೀರಾದರೂ ಬದಲಾಯಿಸುತ್ತಾರೆ. ಒಂಬತ್ತು ಜನ ಸರದಿಯಲ್ಲಿ ಸುತ್ತುತ್ತಲೇ ಇರುತ್ತಾರೆ. ಲೀಡಾಫ್, ಅಂದರೆ ಮೊದಲನೇ ಬ್ಯಾಟರ್, ಇನಿಂಗ್ಸ್ ಶುರು ಮಾಡುವುದು ಖಚಿತ ಅನ್ನೋದು ಮೊದಲ ಇನಿಂಗ್ಸ್‌ನಲ್ಲಿ ಮಾತ್ರ. ಆಮೇಲೆ ಯಾರ ಸರದಿಯೋ ಅವರು. ಈ ಒಂದು ವಿಷಯ ತಲೆಗೆ ಇಳಿಯಲು ನನಗೆ ಎರಡು ಸೀಸನ್ ಬೇಕಾಯಿತು.

ಈಗ ಜಗಳದ ಮಾತನ್ನು ಒಂದು ಸಾಲಿನಲ್ಲಿ ಬರೆಯಿರಿ. ಅಂಕಿ ನೋಡುವ ಮುಂಚೆಯೇ ಬರೆಯಬೇಕು, ಇಲ್ಲದಿದ್ದರೆ ಅಂಕಿ ನೋಡಿಕೊಂಡು ಮಾತು ತಿರುಗಿಸುವ ಆಸೆ ಬರುತ್ತದೆ. "ಕೆಳಗೆ ಆಡಿದರೆ ಚೆನ್ನಾಗಿ ಆಡ್ತಾನೆ" ಅಂದರೆ ಸಾಲದು. ಜಾಸ್ತಿ ಹಿಟ್ಟಾ, ಅಂದರೆ ಚೆಂಡು ಹೊಡೆದು ಬೇಸ್ (ಓಟದ ದಾರಿಯ ನಿಲ್ದಾಣ) ತಲುಪೋದಾ? ಜಾಸ್ತಿ ಹೋಮ್ ರನ್ನಾ, ಅಂದರೆ ಒಂದೇ ಹೊಡೆತಕ್ಕೆ ಬೇಸ್ ಎಲ್ಲ ಸುತ್ತಿ ಬರೋದಾ? ಅಥವಾ ಬೇಸ್ ಮೇಲಿದ್ದವರನ್ನು ಜಾಸ್ತಿ ಮನೆಗೆ (ಹೊರಟ ಜಾಗಕ್ಕೆ; ಅಲ್ಲಿಗೆ ಬಂದರೆ ಒಂದು ರನ್) ತರೋದಾ? ಮೂರೂ ಬೇರೆ ಬೇರೆ.

ಮೊದಲ ಕಾಲಂನಲ್ಲಿ ಅವಕಾಶ ಬರೆಯಿರಿ, ಅಂದರೆ ಎಷ್ಟು ಸಲ ಬ್ಯಾಟ್ ಹಿಡಿದು ನಿಂತರು ಅನ್ನೋದು. ಇಲ್ಲಿ ಜಾಗದ ಪರಿಣಾಮ ನಿಜವಾಗಿಯೂ ಇದೆ. ಪಂದ್ಯ ಯಾವುದೋ ಒಬ್ಬ ಬ್ಯಾಟರ್‌ಗೆ ಮುಗಿಯುತ್ತದೆ. ಅವರವರೆಗಿನವರಿಗೆ ಒಂದು ಸರದಿ ಹೆಚ್ಚು ಸಿಕ್ಕಿರುತ್ತದೆ, ಅವರ ಕೆಳಗಿನವರಿಗೆ ಇಲ್ಲ. ಸೀಸನ್‌ಗೆ 162 ಪಂದ್ಯ, ಒಂಬತ್ತು ಜಾಗ. ಕೊನೆಯ ಸರದಿ ಎಲ್ಲರಿಗೂ ಸಮವಾಗಿ ಬರುತ್ತದೆ ಅಂದುಕೊಂಡು ಭಾಗಿಸಿ. ಒಂದು ಜಾಗ ಕೆಳಗಿಳಿದರೆ ವರ್ಷಕ್ಕೆ ಸುಮಾರು 18 ಸರದಿ ಹೋಯಿತು. ಒಂದರಿಂದ ನಾಲ್ಕಕ್ಕೆ ಇಳಿದರೆ 54. ನಮ್ಮ ಫಿಲೀಸ್‌ನ ಜಿಮ್ಮಿ ರಾಲಿನ್ಸ್ 2007ರಲ್ಲಿ ಲೀಡಾಫ್ ಆಗಿ 162 ಪಂದ್ಯವನ್ನೂ ಆಡಿ 778 ಸಲ ಬ್ಯಾಟ್ ಹಿಡಿದರು. ಅದು ಲೀಗ್ ದಾಖಲೆ. ಆ ವರ್ಷ ಲೀಗ್‌ನ ಎಂವಿಪಿ, ಅಂದರೆ ಅತ್ಯಮೂಲ್ಯ ಆಟಗಾರ ಪ್ರಶಸ್ತಿ, ಕೂಡ ಅವರಿಗೇ. ಒಳ್ಳೆ ಬ್ಯಾಟರ್‌ನ ಮೇಲಿನ ಜಾಗದಲ್ಲಿ ಇಡಬೇಕು ಅನ್ನೋದಕ್ಕೆ ನನಗೆ ಈ ಕಾರಣ ಒಂದೇ ಸಾಕು.

ಎರಡನೇ ಕಾಲಂ ಆರ್‌ಬಿಐ, ಅಂದರೆ ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ತಂದ ರನ್. ಇದನ್ನು ಆಟಗಾರನ ಕೈಚಳಕ ಅಂತ ಓದಬೇಡಿ. ತನಗಿಂತ ಮುಂಚೆ ಬಂದವರು ಬೇಸ್ ಮೇಲೆ ಇದ್ದರೆ ತಾನೇ ಅವರನ್ನು ಮನೆಗೆ ತರಲು ಸಾಧ್ಯ? ನಾನು ಒಂದು ಸಣ್ಣ ಕಳೆಯುವ ಲೆಕ್ಕ ಮಾಡುತ್ತೇನೆ. ಆರ್‌ಬಿಐಯಿಂದ ಹೋಮ್ ರನ್ ಕಳೆಯಿರಿ. ಪ್ರತಿ ಹೋಮ್ ರನ್‌ಗೆ ಬ್ಯಾಟರ್ ತನ್ನನ್ನು ತಾನೇ ಮನೆಗೆ ತಂದಿರುತ್ತಾನೆ. ಉಳಿದದ್ದು ಬೇರೆಯವರನ್ನು ತಂದದ್ದು. ಶ್ವಾರ್ಬರ್ 2023ರಲ್ಲಿ 104ರಲ್ಲಿ 47 ಕಳೆದರೆ 57. 2024ರಲ್ಲಿ 104ರಲ್ಲಿ 38 ಹೋಗಿ 66. ಈ ಎರಡೂ ವರ್ಷ ಹೆಚ್ಚಾಗಿ ಲೀಡಾಫ್. 2025ರಲ್ಲಿ ಹೆಚ್ಚಿನ ಪಂದ್ಯಗಳಲ್ಲಿ ಲೀಡಾಫ್ ಬಿಟ್ಟು ಕೆಳಗೆ ಆಡಿದರು. 132ರಲ್ಲಿ 56 ಹೋಗಿ 76. ಆದರೆ ಹುಷಾರು. 57ರಿಂದ 66ಕ್ಕೆ ಏರಿದಾಗ ಜಾಗ ಬದಲಾಗಿರಲಿಲ್ಲ. ಹಾಗಾಗಿ 66ರಿಂದ 76ಕ್ಕೆ ಏರಿದ್ದನ್ನು ಪೂರ್ತಿ ಜಾಗದ ಖಾತೆಗೆ ಹಾಕುವ ಹಾಗಿಲ್ಲ.

ಮೂರನೇ ಕಾಲಂ ಆಟಗಾರನದ್ದೇ: ಹಿಟ್, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಬೇಸ್), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್). ಇಲ್ಲಿ ಎಲ್ಲರೂ ಎಡವುತ್ತಾರೆ. "ಐದನೇ ಜಾಗದಲ್ಲಿ .310 ಹೊಡೀತಾನೆ" ಅನ್ನುತ್ತಾರೆ, ಅಂದರೆ ನೂರಕ್ಕೆ 31 ಹಿಟ್. ಎಷ್ಟು ಸಲಕ್ಕೆ ಅಂತ ಕೇಳಿ. .270 ಹೊಡೆಯುವ ಬ್ಯಾಟರ್ ಏನೂ ಬದಲಾಗದೆ ನೂರು ಸಲ ಆಡಿದರೂ, ಬರೀ ಅದೃಷ್ಟದಿಂದ .226ರಿಂದ .314ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಮೂರರಲ್ಲಿ ಒಂದು ಸಲ ಅದನ್ನೂ ದಾಟಿ ಹೋಗುತ್ತಾನೆ. ಆಟಗಾರ ಒಂದೊಂದು ಜಾಗದಲ್ಲೂ 400 ಸಲ ಆಡಿರದಿದ್ದರೆ ನಾನು ಆ ಸಾಲನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಪೆನ್ನಿನಲ್ಲಿ ಅಲ್ಲ. ಪಕ್ಕದ ಮನೆಯವರನ್ನು ಸುಮ್ಮನಾಗಿಸಿದ್ದು ಇದೇ ಕಾಲಂ. 2023ರಲ್ಲಿ ಶ್ವಾರ್ಬರ್ .197, 2024ರಲ್ಲಿ .248, 2025ರಲ್ಲಿ .240. ದೊಡ್ಡ ಜಿಗಿತ ಬಂದದ್ದು ಜಾಗ ಬದಲಾಗದೆ ಇದ್ದಾಗ! ಜಾಗ ಬದಲಾದ ಮೇಲೆ ಹೆಚ್ಚುಕಮ್ಮಿ ಅಷ್ಟೇ. ನಾನೂ ಸೋತೆ. ಇಳಿಸಿದರೆ ಕೆಡುತ್ತೆ ಅಂದಿದ್ದೆ, ಕೆಡಲಿಲ್ಲ. ಅಂದ ಹಾಗೆ, ಆ .197ರ ವರ್ಷವೂ ಅವರು 126 ವಾಕ್ ಪಡೆದಿದ್ದರು. ಹಿಟ್, ವಾಕ್ ಎಲ್ಲ ಸೇರಿ ಬೇಸ್ ಮುಟ್ಟಿದ ಲೆಕ್ಕ .343. ಆಗಿನ ಮ್ಯಾನೇಜರ್ ರಾಬ್ ಥಾಮ್ಸನ್, ಶ್ವಾರ್ಬರ್ ಅವರನ್ನು ಮೊದಲ ಜಾಗದಲ್ಲಿ ಇಟ್ಟದ್ದು ಸುಮ್ನೆ ಅಲ್ಲ.

ಇಷ್ಟಾದ ಮೇಲೆ ಕೇಳಬೇಕಾದ ಪ್ರಶ್ನೆ, ಜಾಗ ಯಾಕೆ ಬದಲಾಯಿತು? ಮ್ಯಾನೇಜರ್ ಬ್ಯಾಟರ್‌ನ ಇಳಿಸುವುದು ಸಾಮಾನ್ಯವಾಗಿ ಆಟ ಹದಗೆಟ್ಟಾಗ. ಹದಗೆಟ್ಟ ಆಟ ಎಲ್ಲೇ ಇದ್ದರೂ ಸ್ವಲ್ಪ ದಿನಕ್ಕೆ ಸರಿಹೋಗುತ್ತದೆ. ಆಗ ಹೊಸ ಜಾಗಕ್ಕೆ ಸುಮ್ನೆ ಹೆಸರು ಬರುತ್ತದೆ. ಹಾಗಾಗಿ ಬದಲಾವಣೆಗೆ ಮುಂಚಿನ ಎರಡು ವಾರವನ್ನು ತಪ್ಪದೆ ನೋಡಿ. ಇನ್ನೂ ಒಳ್ಳೆಯದು, ಬೇರೆಯವರ ಕಾರಣಕ್ಕೆ ಜಾಗ ಬದಲಾದವರನ್ನು ಹುಡುಕಿ. 2024ರ ಜೂನ್‌ನಲ್ಲಿ ಡಾಡ್ಜರ್ಸ್‌ನ ಮೂಕಿ ಬೆಟ್ಸ್ ಕೈಗೆ ಚೆಂಡು ಬಡಿದು ಮೂಳೆ ಮುರಿಯಿತು. ಎರಡನೆಯವರಾಗಿ ಆಡುತ್ತಿದ್ದ ಶೋಹೆ ಒಹ್ತಾನಿ ಲೀಡಾಫ್‌ಗೆ ಬಂದರು. ಅವರ ಆಟ ಕೆಟ್ಟಿತ್ತು ಅಂತ ಅಲ್ಲ. ಆ ವರ್ಷ 54 ಹೋಮ್ ರನ್ ಹೊಡೆದರು, 59 ಬೇಸ್ ಕದ್ದರು (ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಹಿಡಿಯುವುದು). ಇಂಥ ಬದಲಾವಣೆ ಅಪರೂಪ. ಸಿಕ್ಕರೆ ಬಿಡಬೇಡಿ.

ಹಿಂದೆ ಯಾರು ಬರುತ್ತಾರೆ ಅನ್ನೋದನ್ನೂ ಒಂದು ಮೂಲೆಯಲ್ಲಿ ಬರೆದುಕೊಳ್ಳಿ. 1961ರಲ್ಲಿ ಯಾಂಕೀಸ್‌ನ ರಾಜರ್ ಮ್ಯಾರಿಸ್ 61 ಹೋಮ್ ರನ್ ಹೊಡೆದರು. ಅವರಿಗೆ ಬೇಕಂತಲೇ ಕೊಟ್ಟ ವಾಕ್ ಆ ವರ್ಷ ಒಂದೂ ಇಲ್ಲ, ಯಾಕೆಂದರೆ ಹೆಚ್ಚಾಗಿ ಅವರ ಹಿಂದೆ ಬರುತ್ತಿದ್ದದ್ದು ಇನ್ನೊಬ್ಬ ದೊಡ್ಡ ಹೊಡೆತಗಾರ ಮಿಕ್ಕಿ ಮ್ಯಾಂಟಲ್. ಇದಕ್ಕೆ ಉಲ್ಟಾ ಹಳೆಯ ನ್ಯಾಷನಲ್ ಲೀಗ್‌ನ ಎಂಟನೇ ಬ್ಯಾಟರ್ ಕಥೆ. ಅವರ ಹಿಂದೆ ಪಿಚರ್, ಅಂದರೆ ಚೆಂಡೆಸೆಯುವವರು, ಬ್ಯಾಟ್ ಹಿಡಿಯುತ್ತಿದ್ದರು; ಅವರ ಬ್ಯಾಟಿಂಗ್ ಸಾಮಾನ್ಯವಾಗಿ ದುರ್ಬಲ. ಎದುರಾಳಿ ಎಂಟನೆಯವರಿಗೆ ಬೇಕಂತಲೇ ವಾಕ್ ಕೊಟ್ಟು ಪಿಚರ್‌ನ ಔಟ್ ಮಾಡುತ್ತಿದ್ದರು. 2022ರಿಂದ ಎರಡೂ ಲೀಗ್‌ನಲ್ಲಿ ಪಿಚರ್ ಬದಲು ಡಿಎಚ್, ಅಂದರೆ ಬ್ಯಾಟಿಂಗ್‌ಗಷ್ಟೇ ಇರುವ ಆಟಗಾರ, ಆಡುತ್ತಾರೆ. ಅದಕ್ಕೇ ಹಳೆ ವರ್ಷ ತೆಗೆದುಕೊಂಡರೆ ಬೇಕಂತಲೇ ಕೊಟ್ಟ ವಾಕ್‌ಗಳನ್ನು ಕಳೆದು ನೋಡಿ.

ಜಾಗದ ಜೊತೆ ಮನಸ್ಸಿಗೂ ಸಂಬಂಧ ಇದೆ ಅಂತ ಆಟಗಾರರು ಹೇಳುತ್ತಾರೆ. ನಾನು ಅದನ್ನು ತಳ್ಳಿಹಾಕುವುದಿಲ್ಲ. ಒಗ್ಗಿದ ಜಾಗ ಅನ್ನೋದು ಯಾವ ಕೆಲಸದಲ್ಲೂ ಇದೆ, ಅಲ್ವಾ? ಆದರೆ ಅದು ಮೂರನೇ ಕಾಲಂನಲ್ಲಿ, ಪೆನ್ನಿನಲ್ಲಿ ಬರೆದ ಸಾಲಿನಲ್ಲಿ ಕಾಣಬೇಕು. ಶ್ವಾರ್ಬರ್ ಪುಟದಲ್ಲಿ ನನಗೆ ಕಾಣಲಿಲ್ಲ.

ಪಕ್ಕದ ಮನೆಯವರು ಈಗ ಬೇಲಿ ಹತ್ತಿರಕ್ಕೆ ಒಂದು ಮಡಿಸುವ ಕುರ್ಚಿ ತರುತ್ತಾರೆ. ಜೇಬಿನಲ್ಲಿ ಪೆನ್ಸಿಲ್ ಇರುತ್ತದೆ. ಮುಂದಿನ ಪುಟ ಫಿಲೀಸ್‌ನ ಟ್ರೇ ಟರ್ನರ್ ಅವರದ್ದು ಅಂತ ನಿನ್ನೆ ತೀರ್ಮಾನವಾಯಿತು. ಜಗಳದ ಸಾಲನ್ನು ಈ ಸಲ ಅವರೇ ಬರೆದಿದ್ದಾರೆ.