ಮಾರುತಿ 800ರ ಸ್ಟೇರಿಂಗ್ ರ‍್ಯಾಕ್ ಅನ್ನು ಮನೆಯಲ್ಲೇ ಬದಲಿಸುವ ಕ್ರಮ

ಮಾರುತಿ 800ರಲ್ಲಿ ಪವರ್ ಸ್ಟೇರಿಂಗ್ ಇಲ್ಲ. ಸ್ಟೇರಿಂಗ್ ಕಂಬದ ಕೆಳತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ ತಿರುಗಿದಂತೆ ರ‍್ಯಾಕಿನೊಳಗಿನ ಹಲ್ಲುಳ್ಳ ಸರಳು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದರ ಎರಡು ತುದಿಗಳಿಗೆ ಸೇರಿದ ಟೈ ರಾಡುಗಳು ಮುಂದಿನ ಚಕ್ರಗಳನ್ನು ತಿರುಗಿಸುತ್ತವೆ. ಎಣ್ಣೆಯ ಪೈಪು, ಪಂಪು, ಮೋಟಾರು ಯಾವುದೂ ಅಡ್ಡ ಬರುವುದಿಲ್ಲವಾದ್ದರಿಂದ ಮನೆಯಂಗಳದಲ್ಲಿ ರ‍್ಯಾಕ್ ಬದಲಿಸಲು ಇದಕ್ಕಿಂತ ಅನುಕೂಲದ ಕಾರು ಸಿಗುವುದು ಕಷ್ಟ. ಹಾಗಿದ್ದರೂ ಬ್ರೇಕಿನಂತೆ ಸ್ಟೇರಿಂಗ್ ಕೂಡ ಜೀವಕ್ಕೆ ಸಂಬಂಧಿಸಿದ್ದು; ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲದವರು ಇದನ್ನೇ ಮೊದಲ ಕೆಲಸವಾಗಿ ಆರಿಸಿಕೊಳ್ಳಬಾರದು.

ಹೊಸ ರ‍್ಯಾಕ್ ಕೊಳ್ಳುವ ಮೊದಲು ದೋಷ ಅದರಲ್ಲೇ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹಳ್ಳಬಿದ್ದ ರಸ್ತೆಯಲ್ಲಿ ಕಟಕಟ ಸದ್ದು ಬಂದ ಮಾತ್ರಕ್ಕೆ ರ‍್ಯಾಕ್ ಹೋಗಿದೆ ಎನ್ನಲಾಗದು, ಏಕೆಂದರೆ ಟೈ ರಾಡ್ ಎಂಡ್ (ಟೈ ರಾಡನ್ನು ಚಕ್ರದ ತೋಳಿಗೆ ಸೇರಿಸುವ ತುದಿಯ ಕೀಲು) ಸವೆದರೂ, ಚಕ್ರವನ್ನು ಸಸ್ಪೆನ್ಷನ್ನಿಗೆ ಸೇರಿಸುವ ಕೆಳಗಿನ ಬಾಲ್ ಜಾಯಿಂಟ್ ಸಡಿಲಾದರೂ ಸದ್ದು ಬಹುತೇಕ ಒಂದೇ ಬಗೆಯದು. ಚಕ್ರವನ್ನು ಎತ್ತಿ ಎಡಬಲ ಅಂಚುಗಳನ್ನು ಹಿಡಿದು ಅಲುಗಾಡಿಸಿದಾಗ ಪ್ಲೇ, ಅಂದರೆ ಸಡಿಲ ಅಲುಗಾಟ, ಕಂಡರೆ ದೋಷ ಸಾಮಾನ್ಯವಾಗಿ ಸ್ಟೇರಿಂಗಿನ ಕಡೆಯದು. ಮೇಲೆ ಕೆಳಗೆ ಹಿಡಿದಾಗ ಕಂಡರೆ ಬಾಲ್ ಜಾಯಿಂಟ್ ಅಥವಾ ಬೇರಿಂಗನ್ನು ನೋಡಬೇಕು. ರ‍್ಯಾಕಿನ ರಬ್ಬರ್ ಬೂಟ್ ಹರಿದು ಮಳೆಗಾಲದ ಕೆಸರು ಒಳಹೊಕ್ಕಿದ್ದರೆ, ಒಳಗಿನ ಗ್ರೀಸ್ ತುಕ್ಕಿನ ಬಣ್ಣಕ್ಕೆ ತಿರುಗಿ ಬೆರಳಿಗೆ ಮರಳಿನಂತೆ ಹತ್ತಿದರೆ, ಆ ರ‍್ಯಾಕನ್ನು ಉಳಿಸಿಕೊಳ್ಳುವ ಪ್ರಯತ್ನ ಬೇಡ.

ಕಾರನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಎರಡು ಜಾಕ್ ಸ್ಟ್ಯಾಂಡುಗಳ ಮೇಲೆ ಇಳಿಸಬೇಕು. ಬರಿಯ ಜಾಕನ್ನೋ ಇಟ್ಟಿಗೆಯ ರಾಶಿಯನ್ನೋ ನಂಬಿ ಕಾರಿನಡಿಗೆ ತಲೆ ಕೊಡಬಾರದು.

ಈ ಕೆಲಸದ ನಿಜವಾದ ಕೌಶಲ ಬಿಚ್ಚುವುದರಲ್ಲಿ ಇಲ್ಲ, ಬಿಚ್ಚುವ ಮೊದಲು ಗುರುತು ಮಾಡಿಕೊಳ್ಳುವುದರಲ್ಲಿದೆ. ಚಕ್ರಗಳು ನೇರವಾಗಿರುವಂತೆ ಸ್ಟೇರಿಂಗ್ ತಿರುಗಿಸಿ, ಕೀ ತೆಗೆದು ಅದನ್ನು ಲಾಕ್ ಮಾಡಿ, ಮುಂದಿನ ಚಕ್ರಗಳನ್ನು ಕಳಚಬೇಕು. ಪೆಡಲುಗಳ ಬಳಿಯಿಂದ ಕಂಬದ ಜಾಡು ಹಿಡಿದು ಕೆಳಗೆ ನೋಡಿದರೆ ಅದು ಪಿನಿಯನ್ನಿಗೆ ಸೇರುವ ಜಾಯಿಂಟ್ ಸಿಗುತ್ತದೆ. ಅಲ್ಲಿ ಎರಡರ ಮೇಲೂ ಹಾಯುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆಯಬೇಕು. ಟೈ ರಾಡ್ ಎಂಡಿನ ಲಾಕ್ ನಟ್ಟನ್ನು ಕಾಲು ಸುತ್ತಿನಷ್ಟು ಮಾತ್ರ ಸಡಿಲಿಸಿ, ಆಮೇಲೆ ಎಂಡನ್ನು ಬಿಚ್ಚುವಾಗ ಅದು ಎಷ್ಟು ಸುತ್ತಿಗೆ ಹೊರಬಂತು ಎಂಬುದನ್ನು ಎಡ ಮತ್ತು ಬಲಕ್ಕೆ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರೆದಿಡಬೇಕು. ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದುಕೊಂಡ ಅಂಕಿ ಸಂಜೆಯ ಹೊತ್ತಿಗೆ ಉಳಿದಿರುವುದಿಲ್ಲ.

ಎಂಡನ್ನು ಚಕ್ರದ ತೋಳಿನಿಂದ ಬಿಡಿಸಲು, ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಪೂರ್ತಿ ಬಿಚ್ಚದೆ ಕೆಲವು ಸುತ್ತು ಉಳಿಸಿ, ಕೀಲನ್ನು ಒತ್ತಿ ಹೊರತರುವ ಪುಲ್ಲರ್ ಎಂಬ ಸಾಧನ ಹಾಕಬೇಕು. ಪುಲ್ಲರ್ ಇಲ್ಲದಿದ್ದರೆ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಗಟ್ಟಿ ಏಟು ಕೊಟ್ಟರೆ ಟೇಪರ್ (ತೋಳಿನೊಳಗೆ ಕಚ್ಚಿಕೊಂಡ, ಎಂಡಿನ ಕಿರಿದಾಗುವ ಭಾಗ) ಟಕ್ ಎಂದು ಬಿಡುತ್ತದೆ; ಥ್ರೆಡ್ ಇರುವ ತುದಿಗೆ ಮಾತ್ರ ಹೊಡೆಯಬಾರದು. ಅನಂತರ ಜಾಯಿಂಟಿನ ಬೋಲ್ಟನ್ನು ಪೂರ್ತಿ ಹೊರತೆಗೆದು, ರ‍್ಯಾಕನ್ನು ಕಾರಿನ ಮೈಗೆ ಹಿಡಿದಿರುವ ಎರಡೂ ಕಡೆಯ ಬ್ರಾಕೆಟ್‌ಗಳನ್ನು ಬಿಚ್ಚಿ, ರ‍್ಯಾಕನ್ನು ಪಕ್ಕಕ್ಕೆ ಎಳೆದುಕೊಳ್ಳಬಹುದು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದರೆ ಕೆಲಸ ಅರ್ಧ ಹಗುರ.

ಹೊಸ ರ‍್ಯಾಕನ್ನು ಕೂರಿಸುವ ಮೊದಲು ಅದರ ನಡುಬಿಂದು ಕಂಡುಕೊಳ್ಳಬೇಕು. ಪಿನಿಯನ್ನನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ ಸುತ್ತು ಎಣಿಸಿ, ಅದರ ಅರ್ಧದಷ್ಟು ಹಿಂದಕ್ಕೆ ಬರಬೇಕು. ಈ ಹಂತ ಬಿಟ್ಟರೆ ಕಾರು ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತದೆ. ಆ ತಪ್ಪನ್ನು ಚಕ್ರಗಳ ಕೋನ ಸರಿಹೊಂದಿಸುವ ಯಾವ ಅಲೈನ್‌ಮೆಂಟ್ ಯಂತ್ರವೂ ಸರಿಪಡಿಸಲಾರದು. ಬ್ರಾಕೆಟ್‌ಗಳ ರಬ್ಬರ್ ಬುಷ್ ಹೊಸದಿರಲಿ. ಜಾಯಿಂಟಿನ ಬೋಲ್ಟ್ ಪಿನಿಯನ್ನಿನ ಪಕ್ಕದಲ್ಲಿರುವ ಕಚ್ಚಿನ ಮೂಲಕವೇ ಹಾಯಬೇಕು. ಅದು ಕೈಯಲ್ಲೇ ಸಲೀಸಾಗಿ ಹೋಗದಿದ್ದರೆ ಜಾಯಿಂಟ್ ಇನ್ನೂ ಸರಿಯಾಗಿ ಕೂತಿಲ್ಲ ಎಂದೇ ಅರ್ಥ, ಸುತ್ತಿಗೆಯಿಂದ ಬಡಿದು ತೂರಿಸಬಾರದು. ಎಂಡುಗಳನ್ನು ಚೀಟಿಯಲ್ಲಿರುವಷ್ಟೇ ಸುತ್ತಿಗೆ ಹಾಕಿ, ನಟ್ಟುಗಳನ್ನು ಕಾರಿನ ಮ್ಯಾನುಯಲ್ ಹೇಳಿದ ಬಿಗಿತಕ್ಕೆ ಟಾರ್ಕ್ ವ್ರೆಂಚಿನಿಂದ ಕಟ್ಟಿ, ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಒಮ್ಮೆ ಬಗ್ಗಿಸಿದ ಪಿನ್ ಅನ್ನು ಮತ್ತೆ ಬಳಸಬಾರದು.

ಚಕ್ರ ಹಾಕಿ ಕಾರನ್ನು ಇಳಿಸುವ ಮುನ್ನ ಸ್ಟೇರಿಂಗನ್ನು ಎರಡೂ ಕೊನೆಗೆ ನಿಧಾನವಾಗಿ ತಿರುಗಿಸಿ, ಬ್ರೇಕ್ ಹೋಸ್ ಎಲ್ಲಿಯೂ ಎಳೆಯುತ್ತಿಲ್ಲ, ಬೂಟ್ ತಿರುಚಿಕೊಂಡಿಲ್ಲ ಎಂಬುದನ್ನು ನೋಡಬೇಕು. ಅನಂತರ ನಿಧಾನವಾಗಿ ಓಡಿಸಿಕೊಂಡು ನೇರವಾಗಿ ಅಲೈನ್‌ಮೆಂಟಿಗೇ ಹೋಗಬೇಕು. ಎಣಿಸಿ ಹಾಕಿದ ಸುತ್ತುಗಳು ಅಲ್ಲಿಗೆ ತಲುಪುವ ಮಟ್ಟಿಗೆ ಮಾತ್ರ ಸಾಕು. ಅಲೈನ್‌ಮೆಂಟ್ ಮುಗಿದ ಮೇಲೆ ಪ್ರತಿ ನಟ್ಟಿನ ಮೇಲಿಂದ ಪಕ್ಕದ ಲೋಹಕ್ಕೆ ಹಾಯುವಂತೆ ಬಣ್ಣದ ಗೆರೆ ಎಳೆದಿಟ್ಟರೆ, ಒಂದು ವಾರ ಓಡಿಸಿ ಕಾರಿನಡಿಗೆ ಬಗ್ಗಿ ನೋಡಿದಾಗ ಯಾವುದಾದರೂ ನಟ್ ಅಲುಗಿದೆಯೇ ಎಂಬುದು ಗೆರೆ ತುಂಡಾಗಿರುವುದರಿಂದಲೇ ತಿಳಿಯುತ್ತದೆ.